ಟ್ರಂಕಿನಲ್ಲಿ ಮಲಗಿದ ಅಂಚೆ ಚೀಟಿಗೆ ಪಾರ್ಸೆಲ್ ಮೇಲೆ ಕೆಲಸ ಕೊಡುವುದು ಹೇಗೆ?

ನಮ್ಮ ಚಿಕ್ಕಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಬಳದ ದಿನ ಅವರ ಕೈಚೀಲದಲ್ಲಿ ಮಂಡಕ್ಕಿ, ಖಾರ ಇರುತ್ತಿದ್ದವು. ಜೊತೆಗೆ ಆ ತಿಂಗಳು ಬಿಡುಗಡೆಯಾದ ಅಂಚೆ ಚೀಟಿಗಳ ಇಡೀ ಹಾಳೆಯೊಂದು ಸುರುಳಿಯಾಗಿ ಬರುತ್ತಿತ್ತು. ‘ಇಪ್ಪತ್ತು ವರ್ಷ ತಾಳಿ, ಇದೇ ಒಂದು ಸೈಟಿನ ಬೆಲೆ ಬಾಳುತ್ತದೆ’ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮ ಮಂಚದ ಕೆಳಗಿನ ಟ್ರಂಕನ್ನು ನನ್ನ ಮುಂದೆ ಎಳೆದಿಟ್ಟು, ‘ನೋಡಪ್ಪಾ, ಸೈಟು ಎಲ್ಲಿದೆ ಹುಡುಕು’ ಎಂದರು.

ಸೈಟು ಸಿಗಲಿಲ್ಲ. ವ್ಯಾಪಾರಿಯೊಬ್ಬರು ಹಾಳೆಗಳನ್ನು ತಿರುವಿ ಹಾಕಿ, ಮುಖಬೆಲೆಗಿಂತ ಕಡಿಮೆಗೆ ಕೇಳಿದರು. ನನಗೆ ಸಿಟ್ಟು ಬಂತು, ಆದರೆ ಅವರ ಲೆಕ್ಕ ತಪ್ಪಾಗಿರಲಿಲ್ಲ. ಎಪ್ಪತ್ತರ ದಶಕದಿಂದ ಈಚಿನ ಸ್ಮರಣಾರ್ಥ ಅಂಚೆ ಚೀಟಿಗಳು ಲಕ್ಷಗಟ್ಟಲೆ ಅಚ್ಚಾದವು. ನಮ್ಮ ಚಿಕ್ಕಪ್ಪನಂಥವರು ಊರೂರಿನಲ್ಲಿದ್ದರು, ಎಲ್ಲರೂ ಅವನ್ನು ಬಳಸದೆ ಜೋಪಾನ ಮಾಡಿದರು. ಎಲ್ಲರ ಟ್ರಂಕಿನಲ್ಲೂ ಇರುವ ವಸ್ತುವಿಗೆ ಯಾರು ಹೆಚ್ಚು ಕೊಡುತ್ತಾರೆ? ಆದರೆ ಅವುಗಳ ಮೇಲೆ ಅಚ್ಚಾದ ಬೆಲೆ ಅಲ್ಲೇ ಇದೆ. ಅರ್ಧ ಬೆಲೆಗೆ ಮಾರುವುದಕ್ಕಿಂತ ಪೂರ್ತಿ ಬೆಲೆಗೆ ಪಾರ್ಸೆಲ್ ಮೇಲೆ ಅಂಟಿಸುವುದು ಲಾಭ. ಮೂರು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ಒಂದೆರಡು ಕಡೆ ಎಡವಿದ್ದೇನೆ, ಅದನ್ನೂ ಹೇಳುತ್ತೇನೆ.

ಮೊದಲು ವಿಂಗಡಣೆ

ಊಟದ ಮೇಜನ್ನು ಒರೆಸಿ, ಒಣಗಿಸಿ, ಮೇಲೆ ಹಳೆಯ ಬಿಳಿ ಪಂಚೆ ಹಾಸಿ. ಫ್ಯಾನ್ ಆರಿಸಿ, ಇದನ್ನು ಮರೆತು ಒಮ್ಮೆ 25 ಪೈಸೆಯ ಚೀಟಿಗಳನ್ನು ಸೋಫಾದ ಕೆಳಗಿನಿಂದ ಹೆಕ್ಕಿದ್ದೇನೆ. ಕೈ ತೊಳೆದು ಒರೆಸಿಕೊಳ್ಳಿ, ಬಿಡಿ ಚೀಟಿಗಳಿಗೆ ಚಿಮುಟ ಬಳಸಿ.

ಮೊದಲ ಗುಂಪಿಗೆ ಹೋಗಬೇಕಾದವು ಅಂಚೆಗೆ ಸಲ್ಲದ ಚೀಟಿಗಳು. ರಸೀದಿಗೆ ಹಚ್ಚುವ ರೆವಿನ್ಯೂ ಸ್ಟ್ಯಾಂಪು, ನ್ಯಾಯಾಲಯದ ಶುಲ್ಕದ ಸ್ಟ್ಯಾಂಪು, ಬೇರೆ ದೇಶದವು ಎಲ್ಲವೂ ಇಲ್ಲಿಗೆ. ‘ಸರ್ವಿಸ್’ ಎಂದು ಅಚ್ಚಾದವು ಸರ್ಕಾರಿ ಕಚೇರಿಗಳ ಬಳಕೆಗೆ ಮಾತ್ರ, ನಮಗಲ್ಲ. ಇನ್ನೊಂದು ಮೋಸ ಹೋಗುವ ಜಾಗವಿದೆ: ‘ರೆಫ್ಯೂಜಿ ರಿಲೀಫ್’ ಎಂದಿರುವ 5 ಪೈಸೆಯ ಚೀಟಿ. ಬಾಂಗ್ಲಾ ನಿರಾಶ್ರಿತರ ನೆರವಿಗಾಗಿ 1971ರ ನವೆಂಬರ್ 15ರಿಂದ ಪ್ರತಿ ಪತ್ರದ ಮೇಲೆ 5 ಪೈಸೆ ಹೆಚ್ಚುವರಿ ತೆರಿಗೆ ಹಾಕಿದ್ದರು. ಹೊಸ ಚೀಟಿ ಬರುವ ತನಕ ಕುಟುಂಬ ಯೋಜನೆಯ 5 ಪೈಸೆಯ ಚೀಟಿಯ ಮೇಲೆಯೇ ಆ ಅಕ್ಷರಗಳನ್ನು ಒತ್ತಿದರು. ಅದು ಅಂಚೆ ದರವಲ್ಲ, ತೆರಿಗೆ. 1973ರ ಮಾರ್ಚ್ ಮುಗಿದಾಗ ಅದರ ಕೆಲಸವೂ ಮುಗಿಯಿತು. ಚಿಕ್ಕಪ್ಪನ ಟ್ರಂಕಿನಲ್ಲಿ ಇವು ಒಂದು ಲಕೋಟೆ ತುಂಬ ಇದ್ದವು.

ಎರಡನೆಯದು, ಅಂಟಿಸಬಾರದ ಗುಂಪು. ಆಣೆಯಲ್ಲಿ ಬೆಲೆ ಇರುವ ಯಾವುದನ್ನೂ ಪಾರ್ಸೆಲ್ ಹತ್ತಿರ ತರಬೇಡಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಹಿಂದಿನದೆಲ್ಲ ಸಂಗ್ರಹದ ಮಾತು. ಅದರಲ್ಲೂ 1948ರ ಆಗಸ್ಟ್ 15ರಂದು ಬಂದ ಗಾಂಧೀಜಿಯ ನಾಲ್ಕು ಚೀಟಿಗಳು, ಮುಖ್ಯವಾಗಿ 10 ರೂಪಾಯಿಯದು, ನಿಮ್ಮಲ್ಲಿದ್ದರೆ ಈ ಲೇಖನ ಬದಿಗಿಟ್ಟು ಬಲ್ಲವರೊಬ್ಬರನ್ನು ಕಾಣಿ. ‘ನಯೇ ಪೈಸೆ’ ಎಂದಿರುವವನ್ನೂ ಉಳಿಸಿಕೊಳ್ಳಿ. 1960ರ ವಿಶ್ವೇಶ್ವರಯ್ಯನವರ ಚೀಟಿ ಇಂಥದ್ದು, 15 ನಯೇ ಪೈಸೆ. ಅದನ್ನು ಅಂಟಿಸಿದರೆ ಉಳಿಯುವುದು ಹದಿನೈದು ಪೈಸೆ, ಕಳೆಯುವುದು ಚೆಂದದ ಚೀಟಿ. ಮುದ್ರಣದ ತಪ್ಪಿರುವವನ್ನು, ಅಂದರೆ ಬಣ್ಣ ಬಿಟ್ಟುಹೋದ, ತೂತಿನ ಸಾಲು ತಪ್ಪಿದ ಹಾಳೆಗಳನ್ನು, ಬೆಳಕಿಗೆ ಹಿಡಿದು ಹುಡುಕಿ ಬೇರೆ ಇಡಿ. 2006ರ ಗಂಧದ ವಾಸನೆಯ 15 ರೂಪಾಯಿ ಚೀಟಿಯನ್ನು ನಾನಂತೂ ಅಂಟಿಸುವುದಿಲ್ಲ. ಅದರಲ್ಲಿ ಲೆಕ್ಕಾಚಾರವಿಲ್ಲ, ಅದು ನಮ್ಮ ರಾಜ್ಯದ ಮರ ಎಂಬ ಅಭಿಮಾನ ಅಷ್ಟೇ.

ಮೂರನೆಯದು ಅಪಾಯದ ಗುಂಪು. ಮೊಹರು ಮಸುಕಾಗಿ ಬಿದ್ದಿರುವ, ಮೊಹರು ಬೀಳದೆ ತಪ್ಪಿಸಿಕೊಂಡ, ಯಾವುದೋ ಪತ್ರದಿಂದ ನೆನೆಸಿ ಬಿಡಿಸಿದ ಚೀಟಿಗಳು ಇದರಲ್ಲಿ ಸೇರುತ್ತವೆ. ಒಮ್ಮೆ ಬಳಸಿದ್ದೆಂದು ಗೊತ್ತಿದ್ದೂ ಮತ್ತೆ ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 184ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಮೊಹರಿನ ಗುರುತು ಅಳಿಸುವುದು 185ನೇ ಕಲಮಿಗೆ ಬರುತ್ತದೆ, ಅಲ್ಲಿ ಮೂರು ವರ್ಷ. ಐದು ರೂಪಾಯಿಯ ಆಸೆಗೆ ಅಷ್ಟು ದೂರ ಹೋಗುವುದು ಬೇಡ. ಸಂಶಯ ಬಂದದ್ದನ್ನು ಮಕ್ಕಳ ಆಲ್ಬಮ್‌ಗೆ ಕೊಟ್ಟುಬಿಡಿ.

ಉಳಿದದ್ದು ಕೆಲಸಕ್ಕೆ ಬರುವ ರಾಶಿ. ಇದನ್ನು ಚಿತ್ರ ನೋಡಿ ವಿಂಗಡಿಸಬೇಡಿ, ಬೆಲೆ ನೋಡಿ ವಿಂಗಡಿಸಿ. ಚಿತ್ರ ನೋಡುತ್ತಾ ಕುಳಿತರೆ ರಾತ್ರಿಯಾಗುತ್ತದೆ. ನನಗೆ ಮೊದಲ ಸಲ ಆದದ್ದು ಅದೇ. ಸ್ಮರಣಾರ್ಥ ಚೀಟಿಗಳ ಬೆಲೆ ಆಯಾ ಕಾಲದ ಪತ್ರದ ದರದ ಜೊತೆಗೆ ಏರುತ್ತಾ ಬಂದಿದೆ. ಎಪ್ಪತ್ತರ ದಶಕದ ಕೊನೆಯವು ಬಹುಪಾಲು 25 ಪೈಸೆ (1977ರ ಕಿತ್ತೂರು ಚೆನ್ನಮ್ಮನ ಚೀಟಿ ನೆನಪಿರಬಹುದು), ಎಂಬತ್ತರ ಕೊನೆಯವು 60 ಪೈಸೆ, ತೊಂಬತ್ತರ ಆರಂಭದವು ಒಂದು ರೂಪಾಯಿ, ಎರಡು ಸಾವಿರದ ಈಚಿನವು ಹೆಚ್ಚಾಗಿ ಐದು ರೂಪಾಯಿ. ತೊಂಬತ್ತರ ದಶಕದಲ್ಲಿ ವಿದೇಶಿ ಅಂಚೆಗೆಂದು ಬಂದ ಆರೂವರೆ ಮತ್ತು ಹನ್ನೊಂದು ರೂಪಾಯಿಯವು ನಿಮ್ಮಲ್ಲಿದ್ದರೆ ಅದೃಷ್ಟ: ಪಾರ್ಸೆಲ್ ಕೆಲಸಕ್ಕೆ ಅವು ಹೇಳಿ ಮಾಡಿಸಿದವು. ಬೆಲೆಗೊಂದು ಲಕೋಟೆ ಮಾಡಿ, ಮೇಲೆ ಎಣಿಕೆ ಬರೆದಿಡಿ. 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಯಿತು, ಚೀಟಿ ಮಾತ್ರ ಲಕೋಟೆಯಲ್ಲಿ ನಾಲ್ಕಕ್ಕೆ ಒಂದು ರೂಪಾಯಿಯಾಗಿ ಕುಳಿತಿದೆ.

ಕಟ್ಟುವುದು ಮೊದಲು, ಅಂಟಿಸುವುದು ಆಮೇಲೆ

ನಾನು ಎಡವಿದ್ದು ಇಲ್ಲೇ. ದುರ್ಗದ ಗೆಳೆಯನಿಗೆ ಪುಸ್ತಕ ಕಳಿಸಲು ಮನೆಯ ಅಡುಗೆ ತಕ್ಕಡಿಯಲ್ಲಿ ತೂಗಿ, ದರ ಲೆಕ್ಕ ಹಾಕಿ, ಚೀಟಿಗಳನ್ನೆಲ್ಲ ಚಂದವಾಗಿ ಹಚ್ಚಿದೆ. ಆಮೇಲೆ ಮೂಲೆಗಳಿಗೆ ಟೇಪು ಸುತ್ತಿದೆ. ಕೌಂಟರಿನ ಯಂತ್ರದಲ್ಲಿ ಇಟ್ಟಾಗ ತೂಕ ಮುಂದಿನ ಹಂತಕ್ಕೆ ಜಿಗಿದಿತ್ತು. ಬಾಕಿ ಹಣಕ್ಕೆ ಚೀಟಿ ಮನೆಯಲ್ಲಿ, ನಾನು ಸಾಲಿನಲ್ಲಿ. ಅದಕ್ಕಿಂತ ಕೆಟ್ಟದ್ದೆಂದರೆ, ಮೂಲೆಯ ಟೇಪು ಎರಡು ಚೀಟಿಗಳ ಮೇಲೆ ಹಾದುಹೋಗಿತ್ತು. ಟೇಪಿನ ಮೇಲೆ ಮೊಹರಿನ ಶಾಯಿ ಹಿಡಿಯುವುದಿಲ್ಲ, ಅಂಥ ಚೀಟಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಪಾರ್ಸೆಲನ್ನು ಪೂರ್ತಿ ಕಟ್ಟಿ ಮುಗಿಸಿ. ಹೊರ ಮೈಗೆ ಒರಟಾದ ಕಂದು ಕಾಗದ ಒಳ್ಳೆಯದು. ಪ್ಲಾಸ್ಟಿಕ್ ಹಾಳೆಯ ಮೇಲೆ ಹಳೆಯ ಗೋಂದು ನಿಲ್ಲುವುದಿಲ್ಲ. ನಮ್ಮ ಕಡೆ ಈಗಲೂ ಬಟ್ಟೆ ಸುತ್ತಿ ಹೊಲಿಯುವವರಿದ್ದಾರೆ. ಬಟ್ಟೆಯಾದರೆ ಅದರ ಮೇಲೆ ಒಂದು ದಪ್ಪ ಕಾಗದವನ್ನು ಅಂಟಿಸಿ, ನಾಲ್ಕು ಬದಿಗೆ ಹೊಲಿಗೆ ಹಾಕಿ, ಆ ಕಾಗದದ ಮೇಲೆ ಚೀಟಿ ಹಚ್ಚಿ. ಒಳಗೆ ಶೇಂಗಾ ಚಟ್ನಿಪುಡಿ ಇದ್ದರೆ ಎರಡು ಪದರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಎಣ್ಣೆ ಹೊರಗೆ ಜಿನುಗಿದರೆ ಚೀಟಿ ಗಾಜಿನಂತೆ ಪಾರದರ್ಶಕವಾಗಿ, ಬೆಲೆಯ ಅಂಕೆಯೇ ಮಾಯವಾಗುತ್ತದೆ.

ವಿಳಾಸವನ್ನು ಈಗಲೇ ಬರೆಯಿರಿ, ಕೆಳಗಿನ ಅರ್ಧದಲ್ಲಿ, ಪಿನ್ ಕೋಡ್ ಸಮೇತ. ದಾವಣಗೆರೆ ಪ್ರಧಾನ ಕಚೇರಿ 577001, ಚಿತ್ರದುರ್ಗ 577501: ಮೊದಲ ಮೂರು ಅಂಕೆ ಒಂದೇ ಆಗಿರುವುದರಿಂದ ಗಡಿಬಿಡಿಯಲ್ಲಿ ಅದಲುಬದಲಾಗುವುದುಂಟು.

ಅಂಟಿಸುವ ಮುನ್ನ ಒಂದು ಸುತ್ತು ಕೌಂಟರ್‌ಗೆ

ಇದು ಎರಡು ಸಲ ಓಡಾಡಿಸುವ ಕೆಲಸ ಎಂದು ಗೊಣಗಬೇಡಿ. ಚೀಟಿ ಹಚ್ಚದ ಪಾರ್ಸೆಲನ್ನು ತೆಗೆದುಕೊಂಡು ಹೋಗಿ ತೂಗಿಸಿ. ಚೀಟಿಗಳ ತೂಕಕ್ಕೆಂದು ಒಂದಿಷ್ಟು ಅಂತರ ಇರಲಿ. ತೂಕ ಹಂತದ ಅಂಚಿನಲ್ಲಿದ್ದರೆ ಒಳಗಿನಿಂದ ಏನಾದರೂ ತೆಗೆಯಿರಿ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಇಷ್ಟು: ಯಾವ ಸೇವೆಯಲ್ಲಿ ಕಳಿಸಿದರೆ ಎಷ್ಟಾಗುತ್ತದೆ? ತೆರಿಗೆ ಸೇರಿ ಒಟ್ಟು ಎಷ್ಟು? ಅದರಲ್ಲಿ ಚೀಟಿಯ ಮೂಲಕ ಕಟ್ಟಬಹುದಾದದ್ದು ಎಷ್ಟು, ನಗದಾಗಿ ಕೊಡಬೇಕಾದದ್ದು ಎಷ್ಟು? ಈ ಬೆಲೆಯ ಹಳೆಯ ಚೀಟಿಗಳನ್ನು ಹಚ್ಚಿ ತಂದರೆ ಈ ಕೌಂಟರಿನಲ್ಲಿ ತೆಗೆದುಕೊಳ್ಳುತ್ತೀರಾ?

ಕೊನೆಯ ಪ್ರಶ್ನೆಗೆ ಒಂದು ಮಾದರಿ ಹಾಳೆ ಕೈಯಲ್ಲಿರಲಿ. ಕೌಂಟರಿನಲ್ಲಿ ಕುಳಿತ ಹುಡುಗ ಹುಟ್ಟುವ ಮೊದಲು ಅಚ್ಚಾದ ಚೀಟಿ ಅದು, ಅವನು ಅನುಮಾನದಿಂದ ನೋಡಿದರೆ ತಪ್ಪಿಲ್ಲ. ವಾದ ಮಾಡಬೇಡಿ. ‘ಪೋಸ್ಟ್‌ಮಾಸ್ಟರ್ ಅವರಿಗೆ ಒಮ್ಮೆ ತೋರಿಸೋಣವೇ?’ ಎಂದು ಕೇಳಿ. ಸಣ್ಣ ಉಪ ಕಚೇರಿಯಲ್ಲಿ ಆಗಲಿಲ್ಲವಾದರೆ ಪ್ರಧಾನ ಅಂಚೆ ಕಚೇರಿಗೆ ಹೋಗಿ. ಅಲ್ಲಿ ಹಳೆಯ ಚೀಟಿ ಕಂಡವರು ಒಬ್ಬರಾದರೂ ಇರುತ್ತಾರೆ.

ಸೇವೆಯ ಆಯ್ಕೆಯಲ್ಲಿ ಈಚೆಗೆ ಬದಲಾವಣೆಗಳಾಗಿವೆ. ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಯಿತು. ಪುಸ್ತಕ ಕಳಿಸುವವರಿಗೆ ಅದೇ ವರ್ಷದ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, ಗರಿಷ್ಠ ಐದು ಕೆ.ಜಿ.ಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ನೆಲದ ಮಾರ್ಗದಲ್ಲಿ ನಿಧಾನವಾಗಿ ಹೋಗುತ್ತದೆ, ಆದರೆ ಎಲ್ಲಿದೆ ಎಂದು ಹಿಂಬಾಲಿಸಬಹುದು.

ಲೆಕ್ಕ

ಕೌಂಟರಿನಲ್ಲಿ ಚೀಟಿಯ ಪಾಲು 62 ರೂಪಾಯಿ ಎಂದರು ಎಂದಿಟ್ಟುಕೊಳ್ಳಿ. ಎಲ್ಲವನ್ನೂ 25 ಪೈಸೆಯಲ್ಲಿ ಕಟ್ಟಲು ಹೊರಟರೆ 248 ಚೀಟಿ ಬೇಕು, ಪಾರ್ಸೆಲ್ ಕಾಣದಂತೆ ಮುಚ್ಚಿಹೋಗುತ್ತದೆ. ಆದ್ದರಿಂದ ಜಾಗದ ಲೆಕ್ಕ ಹಣದ ಲೆಕ್ಕದಷ್ಟೇ ಮುಖ್ಯ. ನಮ್ಮ ಸ್ಮರಣಾರ್ಥ ಚೀಟಿಗಳಲ್ಲಿ ಹೆಚ್ಚಿನವು ಸುಮಾರು 3.9 ಸೆಂ.ಮೀ. ಉದ್ದ, 2.9 ಸೆಂ.ಮೀ. ಅಗಲ. ಪಾರ್ಸೆಲಿನ ಮುಖ 30 ಸೆಂ.ಮೀ. ಅಗಲವಿದ್ದರೆ ಅಡ್ಡವಾಗಿ ಒಂದು ಸಾಲಿಗೆ ಏಳು ಹಿಡಿಯುತ್ತವೆ. ಮೂರು ಸಾಲಿಗೆ ಇಪ್ಪತ್ತೊಂದು, ಎತ್ತರ ಒಂಬತ್ತು ಸೆಂ.ಮೀ.ಗೂ ಕಡಿಮೆ. ಈಗ ಇಪ್ಪತ್ತೊಂದು ಚೀಟಿಯಲ್ಲಿ 62 ಹೊಂದಿಸಬೇಕು: ಐದರವು ಎಂಟು (40), ಎರಡರವು ಒಂಬತ್ತು (18), ಒಂದರವು ನಾಲ್ಕು (4). ಸರಿಹೋಯಿತು. ಈ ಹೊಂದಾಣಿಕೆ ಕೂಡಿಬಂದಾಗ ಆಗುವ ಖುಷಿಯನ್ನು ಪದಬಂಧ ಬಿಡಿಸುವವರಿಗೆ ವಿವರಿಸಬೇಕಾಗಿಲ್ಲ.

ಚಿಲ್ಲರೆಯನ್ನು ಖರ್ಚು ಮಾಡಲು ಕೆಲವು ಜೋಡಿಗಳು ನನಗೆ ಬಾಯಿಪಾಠವಾಗಿವೆ. 60 ಪೈಸೆಯವು ಐದು ಸೇರಿದರೆ ಮೂರು ರೂಪಾಯಿ. ಆರೂವರೆಯವು ಎರಡು ಸೇರಿದರೆ ಹದಿಮೂರು. ಎಂಬತ್ತರ ದಶಕದ ಆರಂಭದ 2.85 ಒಂಟಿಯಾಗಿ ತಲೆನೋವು, ಅದಕ್ಕೊಂದು 15 ಪೈಸೆ ಜೊತೆ ಮಾಡಿದರೆ ಮೂರು ರೂಪಾಯಿಗೆ ಸರಿ. 35 ಪೈಸೆ ಮಹಾ ಹಟಮಾರಿ: ಇಡೀ ರೂಪಾಯಿಗೆ ಬರಲು ಇಪ್ಪತ್ತು ಬೇಕು, ಆಗ ಏಳು ರೂಪಾಯಿ, ಇಲ್ಲವೇ ಎರಡಕ್ಕೆ ಒಂದು 30 ಪೈಸೆ ಸೇರಿಸಿ. ನಿತ್ಯಬಳಕೆಯ ಸಣ್ಣ ಚೀಟಿಗಳು, ಉದಾಹರಣೆಗೆ ಎಂಬತ್ತರ ದಶಕದ ಹತ್ತಿಯ ಚಿತ್ರದ ಒಂದು ರೂಪಾಯಿ, ರಬ್ಬರ್ ಹಾಲು ಇಳಿಸುವ ಚಿತ್ರದ ಐದು ರೂಪಾಯಿ, ಕಡಿಮೆ ಜಾಗದಲ್ಲಿ ಕೂರುತ್ತವೆ. ಹತ್ತಿಯ ಚೀಟಿ ಚಿಕ್ಕಪ್ಪನ ಬಳಿ ಹಾಳೆಗಟ್ಟಲೆ ಇತ್ತು. ಗಿರಣಿಯ ಮನುಷ್ಯ, ಬೇರೆ ಯಾವುದನ್ನು ಕೊಳ್ಳುತ್ತಾರೆ?

ಒಂದು ಪೈಸೆಯೂ ಕಡಿಮೆಯಾಗಬಾರದು. ಕೊರತೆ ಬಿದ್ದ ಅಂಚೆಗೆ ಕೊರತೆಯ ಎರಡರಷ್ಟನ್ನು ಪಡೆಯುವವರಿಂದ ವಸೂಲು ಮಾಡುವುದು ಅಂಚೆಯ ಹಳೆಯ ಪದ್ಧತಿ. ಉಡುಗೊರೆ ಕಳಿಸಿ ಬೀಗರಿಂದ ದಂಡ ಕಟ್ಟಿಸಬೇಡಿ. ಹೆಚ್ಚಾದರೆ ತೊಂದರೆಯಿಲ್ಲ, ಐವತ್ತು ಪೈಸೆ ಸರ್ಕಾರಕ್ಕೆ ದಾನ.

ಅಂಟಿಸುವ ರಾತ್ರಿ

ಮೊದಲು ನೀರು ಮುಟ್ಟಿಸದೆ ಚೀಟಿಗಳನ್ನು ಪಾರ್ಸೆಲ್ ಮೇಲೆ ಜೋಡಿಸಿ ನೋಡಿ. ಮೇಲಿನ ಬಲ ಮೂಲೆಯಿಂದ ಶುರು, ಎಡಕ್ಕೆ ಸಾಗುವುದು. ದೊಡ್ಡ ಬೆಲೆಯವು ಮೂಲೆಯಲ್ಲಿರಲಿ, ಎಣಿಸುವವರಿಗೆ ಸುಲಭ. ಒಂದೇ ಬೆಲೆಯವು ಒಟ್ಟಿಗಿರಲಿ. ಒಂದರ ಮೇಲೊಂದು ಏರಿಸಬೇಡಿ. ಬೆಲೆಯ ಅಂಕೆ ಮುಚ್ಚಿದರೆ ಆ ಚೀಟಿ ಇದ್ದೂ ಇಲ್ಲದಂತೆ. ಕೌಂಟರಿನವರು ಬಾರ್‌ಕೋಡ್ ಹಚ್ಚಲು ಒಂದು ಅಂಗೈಯಷ್ಟು ಜಾಗ ಬಿಡಿ. ಮುಂದೆ ಜಾಗ ಸಾಲದೆ ಹಿಂದಕ್ಕೂ ಹೋಗಬೇಕಾದರೆ ಅದನ್ನೂ ಮೊದಲೇ ಕೇಳಿಕೊಳ್ಳಿ, ಮುಂದೆ ‘ಹಿಂಬದಿಯಲ್ಲೂ ಚೀಟಿಗಳಿವೆ’ ಎಂದು ಬರೆಯಿರಿ. ಜೋಡಣೆಯ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ.

ಹಾಳೆಯನ್ನು ಬಿಡಿ ಬಿಡಿಯಾಗಿ ಹರಿಯಬೇಕಾಗಿಲ್ಲ. ನಾಲ್ಕರ, ಏಳರ ಪಟ್ಟಿಯನ್ನೇ ಹಾಗೆಯೇ ಅಂಟಿಸಿದರೆ ಕೆಲಸ ಬೇಗ, ಸಾಲೂ ನೇರ. ತೂತಿನ ಸಾಲನ್ನು ಮೊದಲು ಹಿಂದಕ್ಕೂ ಮುಂದಕ್ಕೂ ಮಡಿಸಿ, ಉಗುರಿನಿಂದ ತೀಡಿ, ನಂತರ ಹರಿಯಿರಿ.

ನಾಲಿಗೆ ಬೇಡ. ನಲವತ್ತು ವರ್ಷ ಟ್ರಂಕಿನಲ್ಲಿ ಜಿರಲೆಗಳ ಜೊತೆ ಇದ್ದ ಗೋಂದು ಅದು. ತಟ್ಟೆಯಲ್ಲಿ ಸ್ಪಂಜು ಇಟ್ಟು, ಹಿಂಡಿದರೆ ಹನಿ ಬೀಳದಷ್ಟು ಒದ್ದೆ ಮಾಡಿ. ಚೀಟಿಯ ಬೆನ್ನನ್ನು ಅದರ ಮೇಲೆ ಒಮ್ಮೆ ಎಳೆದು, ಹತ್ತು ಎಣಿಸಿ. ಗೋಂದು ಹೊಳಪಿನಿಂದ ಮಂಕಾಗಿ ಜಿಗಿ ಹಿಡಿಯುವ ಹೊತ್ತು ಅದು. ಆಗ ಇಟ್ಟು, ಮೇಲೊಂದು ಕಾಗದ ಹಾಕಿ, ಅಂಗೈಯಿಂದ ಮಧ್ಯದಿಂದ ಅಂಚಿಗೆ ಒತ್ತಿ. ನೀರು ಹೆಚ್ಚಾದರೆ ಗೋಂದು ತೊಳೆದುಹೋಗಿ ಚೀಟಿ ಜಾರುತ್ತದೆ. ಗೋಂದು ಸತ್ತಿದ್ದರೆ, ಅಂದರೆ ಬಿರುಕು ಬಿಟ್ಟು ಹಳದಿಯಾಗಿದ್ದರೆ, ಅಂಟಿನ ಕಡ್ಡಿಯನ್ನು ತೆಳುವಾಗಿ ಬಳಸಿ. ಮೂಲೆಗಳನ್ನು ಮರೆಯಬೇಡಿ, ಚೀಟಿ ಏಳುವುದು ಅಲ್ಲಿಂದಲೇ. ಕೊನೆಗೆ ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ ಬೆಳಗಿನವರೆಗೆ ಬಿಡಿ.

ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಮೆತ್ತಿಕೊಂಡಿರುತ್ತವೆ. ಎಳೆದು ಬಿಡಿಸಬೇಡಿ. ಗಾಳಿಯಾಡದ ಚೀಲದಲ್ಲಿ ಹಾಕಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಅರೆಬರೆ ಅಂಟಿದವು ಬೆಳಿಗ್ಗೆ ಸಣ್ಣ ಸದ್ದು ಮಾಡಿ ಬಿಡಿಸಿಕೊಳ್ಳುತ್ತವೆ. ಗಟ್ಟಿಯಾಗಿ ಕಚ್ಚಿದವನ್ನು ನೀರಿನಲ್ಲಿ ನೆನೆಸಿ ಬೇರೆ ಮಾಡಿ ಒಣಗಿಸಬೇಕಾಗುತ್ತದೆ, ಆಗ ಗೋಂದು ಹೋಗಿ ಅವು ಬಳಸಿದ ಚೀಟಿಯಂತೆಯೇ ಕಾಣುತ್ತವೆ. ಅಂಥವನ್ನು ಬಿಡಿಸುವ ಮೊದಲೇ, ಅಂಟಿದ ಕಟ್ಟಿನ ರೂಪದಲ್ಲೇ ಪೋಸ್ಟ್‌ಮಾಸ್ಟರ್‌ಗೆ ತೋರಿಸಿಬಿಡುವುದು ಜಾಣತನ.

ಅಂದ ಹಾಗೆ, ಕೈಯಲ್ಲಿರುವುದು ಮುಗಿದ ಮೇಲೆ ಅಂತರ್ಜಾಲದಲ್ಲಿ ಮುಖಬೆಲೆಗಿಂತ ಬಹಳ ಅಗ್ಗಕ್ಕೆ ಸಿಗುವ ‘ಹೊಸ’ ಚೀಟಿಗಳ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಕಂಡ ರಾಜ್ಯದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲಿಂದ ಬಂತೆಂದು ಗೊತ್ತಿರುವ ಚೀಟಿಯನ್ನು ಮಾತ್ರ ಅಂಟಿಸಿ.

ಕೌಂಟರಿನಲ್ಲಿ

ಪಾರ್ಸೆಲನ್ನು ಕೆಂಪು ಡಬ್ಬಕ್ಕೆ ಹಾಕುವಂತಿಲ್ಲ, ಕೈಗೇ ಕೊಡಬೇಕು. ಬೆಳಗಿನ ನೂಕುನುಗ್ಗಲಿನಲ್ಲಿ ಹೋಗಬೇಡಿ. ಇಪ್ಪತ್ತೊಂದು ಚೀಟಿ ಎಣಿಸಿ, ಇಪ್ಪತ್ತೊಂದಕ್ಕೂ ಮೊಹರು ಒತ್ತಬೇಕಾದವರ ಕೈ ನೆನಪಿರಲಿ. ಊಟದ ನಂತರದ ತಣ್ಣನೆಯ ಹೊತ್ತು ಒಳ್ಳೆಯದು. ಒಂದು ತುಂಡು ಕಾಗದದ ಮೇಲೆ ಲೆಕ್ಕ ಬರೆದುಕೊಂಡು ಹೋಗಿ: ‘5 × 8 = 40, 2 × 9 = 18, 1 × 4 = 4, ಒಟ್ಟು 62’. ಇದನ್ನು ಪಾರ್ಸೆಲ್ ಜೊತೆ ಮುಂದಿಟ್ಟ ದಿನದಿಂದ ನನ್ನನ್ನು ಕಂಡರೆ ಮುಖ ಸಿಂಡರಿಸುವುದು ನಿಂತಿದೆ. ರಸೀದಿಯಲ್ಲಿ ಚೀಟಿಯ ಮೊತ್ತ ಕಳೆದು ಉಳಿದದ್ದಕ್ಕಷ್ಟೇ ನಗದು ಪಡೆದಿದ್ದಾರೆಯೇ ಎಂದು ಅಲ್ಲೇ ನಿಂತು ನೋಡಿ. ಕೈಯಲ್ಲಿ ಐದಾರು ಬಿಡಿ ಚೀಟಿ, ಅಂಟಿನ ಕಡ್ಡಿ ಇರಲಿ, ಕೊನೆಗಳಿಗೆಯ ಎರಡು ರೂಪಾಯಿ ಕೊರತೆಗೆ.

ಪಡೆಯುವವರು ಸಂಗ್ರಾಹಕರಾದರೆ ‘ಮೊಹರು ಸ್ವಲ್ಪ ತಿಳಿಯಾಗಿ, ಗುಂಡಗೆ ಬೀಳಲಿ’ ಎಂದು ಕೇಳಬಹುದು. ಕೆಲವರು ಮುತುವರ್ಜಿಯಿಂದ ಒತ್ತುತ್ತಾರೆ, ಕೆಲವರು ಸುತ್ತಿಗೆಯಲ್ಲಿ ಹೊಡೆದಂತೆ ಹೊಡೆಯುತ್ತಾರೆ.

ದುರ್ಗದ ಗೆಳೆಯ ಸಂಗ್ರಾಹಕನೇ. ಪುಸ್ತಕಕ್ಕಿಂತ ಹೊದಿಕೆಗೇ ಕಾಯುತ್ತಾನೆ, ಬಂದ ಕೂಡಲೇ ಕತ್ತರಿಸಿ ನೀರಿಗೆ ಹಾಕುತ್ತಾನೆ. ಮೊನ್ನೆ ಫೋನ್ ಮಾಡಿದ್ದ.

‘ಮೂರನೆಯ ಸಾಲಿನ ನಾಲ್ಕನೆಯದಕ್ಕೆ ಮೊಹರೇ ಬಿದ್ದಿಲ್ಲವಲ್ಲ ಮಾರಾಯ. ಹತ್ತಿಯ ಒಂದು ರೂಪಾಯಿ. ಹೊಸದರಂತಿದೆ.’

‘ಪೆನ್ನು ಎಲ್ಲಿದೆ?’

‘ಜೇಬಿನಲ್ಲಿ.’

‘ಅಡ್ಡ ಗೆರೆ ಎಳೆ.’

ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಕಾಗದದ ಮೇಲೆ ಪೆನ್ನು ಗೀಚಿದ ಸದ್ದು ನನಗೂ ಕೇಳಿಸಿತು.